ಲ್ಯಾಬಿನ ಮ್ಯಾಕ್ಸಿಮಾ ಬಂದ ದಾರಿ

ಬಿಎಸ್ಸಿ ಗಣಿತದ ಪ್ರಾಕ್ಟಿಕಲ್‌ನಲ್ಲಿ ಒಂದು ಗಳಿಗೆ ಬಂದೇ ಬರುತ್ತದೆ. ಎಕ್ಸ್‌ನ ಘಾತ ಎನ್ ಅನ್ನು ಇಂಟಿಗ್ರೇಟ್ ಮಾಡುವಂತೆ ಹುಡುಗಿಯೊಬ್ಬಳು ಟೈಪ್ ಮಾಡಿ, ಶಿಫ್ಟ್ ಹಿಡಿದು ಎಂಟರ್ ಒತ್ತುತ್ತಾಳೆ. ಉತ್ತರ ಬರುವುದಿಲ್ಲ. ಪರದೆಯೇ ಅವಳನ್ನು ತಿರುಗಿ ಕೇಳುತ್ತದೆ: ಎನ್ ಮೈನಸ್ ಒಂದಕ್ಕೆ ಸಮವೇ? ಏನೋ ಕೆಡಿಸಿಬಿಟ್ಟೆನೆಂದು ಅವಳು ಪಕ್ಕದವಳ ಮುಖ ನೋಡುತ್ತಾಳೆ. ಏನೂ ಕೆಟ್ಟಿಲ್ಲ. ಹೌದು ಎಂದರೆ ಉತ್ತರ ಲಾಗ್ ಎಕ್ಸ್. ಇಲ್ಲ ಎಂದರೆ ಘಾತಕ್ಕೆ ಒಂದು ಕೂಡಿಸಿ, ಬಂದ ಸಂಖ್ಯೆಯಿಂದಲೇ ಭಾಗಿಸಿದ ಉತ್ತರ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಸೂತ್ರದ ಪಕ್ಕದಲ್ಲೇ ಇದ್ದು, ನಾವೆಲ್ಲ ಹಾರಿಸಿಕೊಂಡು ಬಂದ ಷರತ್ತು ಅದು.

ಈ ಪ್ರಶ್ನೆ ಕೇಳುವ ತಂತ್ರಾಂಶದ ಹೆಸರು ಮ್ಯಾಕ್ಸಿಮಾ. ಕರ್ನಾಟಕದ ಪದವಿ ಕಾಲೇಜುಗಳ ಗಣಿತ ಪ್ರಾಕ್ಟಿಕಲ್ ಪಟ್ಟಿಯಲ್ಲಿ ಸೈಲ್ಯಾಬ್ ಎಂಬ ಇನ್ನೊಂದು ತಂತ್ರಾಂಶದ ಜೊತೆ ಈ ಹೆಸರೂ ಇರುತ್ತದೆ. ಇದಕ್ಕೆ ಕಾಲೇಜು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಹಾಗೆ ಕೊಡಬೇಕಿಲ್ಲದ ಸ್ಥಿತಿ ತಾನಾಗಿ ಬಂದದ್ದಲ್ಲ.

ಕಥೆಯ ಬೇರು ಅಮೆರಿಕದ ಎಂಐಟಿಯಲ್ಲಿದೆ. 1961ರಲ್ಲಿ ಅಲ್ಲಿನ ವಿದ್ಯಾರ್ಥಿ ಜೇಮ್ಸ್ ಸ್ಲೇಗಲ್ ತಮ್ಮ ಪಿಎಚ್‌ಡಿಗಾಗಿ ಸೇಂಟ್ ಎಂಬ ಪ್ರೋಗ್ರಾಂ ಬರೆದರು. ಕಲನದ ಲೆಕ್ಕಗಳನ್ನು ಅದು ಅಂಕಿಗಳಲ್ಲಲ್ಲ, ಅಕ್ಷರಗಳಲ್ಲೇ ಬಿಡಿಸುತ್ತಿತ್ತು. ಪರೀಕ್ಷೆಗೆ ಕೊಟ್ಟ 86 ಲೆಕ್ಕಗಳಲ್ಲಿ 84ನ್ನು ಬಿಡಿಸಿತು. ಹಲವು ಲೆಕ್ಕಗಳು ಎಂಐಟಿಯ ಮೊದಲ ವರ್ಷದ ಪರೀಕ್ಷೆಗಳಿಂದ ತೆಗೆದವು. ಕೆಲವು ವರ್ಷಗಳಲ್ಲಿ ಜೋಯಲ್ ಮೋಸಸ್ ಅದಕ್ಕಿಂತ ಚುರುಕಾದ ಇನ್ನೊಂದು ಪ್ರೋಗ್ರಾಂ ಬರೆದರು. 1968ರಲ್ಲಿ ಮೋಸಸ್, ಕಾರ್ಲ್ ಎಂಗೆಲ್ಮನ್, ವಿಲಿಯಂ ಮಾರ್ಟಿನ್ ಸೇರಿ ಲಿಸ್ಪ್ ಭಾಷೆಯಲ್ಲಿ ದೊಡ್ಡದೊಂದನ್ನು ಕಟ್ಟಲು ಕೂತರು.

ಆಗಿನ್ನೂ ಅದರ ಹೆಸರು ಮ್ಯಾಕ್ಸಿಮಾ ಆಗಿರಲಿಲ್ಲ. ಅದು ಇಂದಿನ ಮ್ಯಾಕ್ಸಿಮಾದ ಹಿರಿಯಳು, ಹೆಸರೂ ಹಾಗೆಯೇ ಕೇಳಿಸುವ ಮ್ಯಾಕ್‌ಸಿಮಾ. ಎಂಐಟಿಯ ಪ್ರಾಜೆಕ್ಟ್ ಮ್ಯಾಕ್ ಎಂಬ ಯೋಜನೆಯ ಹೆಸರು ಅದರ ತಲೆಯಲ್ಲಿ ಸೇರಿಕೊಂಡಿತ್ತು. ಅದು ಓಡುತ್ತಿದ್ದದ್ದು ಕೋಣೆ ತುಂಬುವ ಪಿಡಿಪಿ-10 ಯಂತ್ರದ ಮೇಲೆ. ಇದಕ್ಕೆಂದೇ ಮೀಸಲಾದ ಒಂದು ಯಂತ್ರವೂ ಎಂಐಟಿಯಲ್ಲಿತ್ತು. ಬೇರೆ ಊರುಗಳ ವಿಜ್ಞಾನಿಗಳು ಇಂಟರ್ನೆಟ್ಟಿನ ಹಿರಿಯಜ್ಜನಾದ ಅರ್ಪಾನೆಟ್ ಮೂಲಕ ಅದಕ್ಕೆ ಲಾಗಿನ್ ಆಗಿ ಲೆಕ್ಕ ಮಾಡಿಸಿಕೊಳ್ಳುತ್ತಿದ್ದರು. ಆ ಜಾಲದ ತಂತಿ ಎಲ್ಲಿಗೆ ಮುಟ್ಟಲಿಲ್ಲವೋ ಅಲ್ಲಿಗೆ ಮ್ಯಾಕ್‌ಸಿಮಾವೂ ಮುಟ್ಟಲಿಲ್ಲ.

ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರಿಗೆ ಈ ಕೊರತೆ ತಟ್ಟಿತು. ಮ್ಯಾಕ್‌ಸಿಮಾ ಓಡಿಸಬಲ್ಲಷ್ಟು ದೊಡ್ಡ ಯಂತ್ರ ಕೊಳ್ಳುವುದೋ ಬೇಡವೋ ಎಂದು ಯೋಚಿಸಿ, ಕೊನೆಗೆ ಸಣ್ಣ ಯಂತ್ರದಲ್ಲೂ ಓಡುವ, ವಿದ್ಯಾರ್ಥಿಗಳ ಕೈಗೂ ಎಟುಕುವ ತಂತ್ರಾಂಶವನ್ನು ತಾವೇ ಬರೆಯಲು 1980ರಲ್ಲಿ ತೊಡಗಿದರು. ಮೇಪಲ್ ಎಂಬ ಗಣಿತ ತಂತ್ರಾಂಶ ಹುಟ್ಟಿದ್ದು ಹಾಗೆ.

1982ರಲ್ಲಿ ಮ್ಯಾಕ್‌ಸಿಮಾದ ದಾರಿ ಎರಡಾಗಿ ಕವಲೊಡೆಯಿತು. ಒಂದು ಸಿಂಬಾಲಿಕ್ಸ್ ಎಂಬ ಕಂಪನಿಯ ಸರಕಾಯಿತು. ಕೆಲಸಕ್ಕೆ ಹಣ ಕೊಟ್ಟಿದ್ದ ಅಮೆರಿಕದ ಇಂಧನ ಇಲಾಖೆಯ ಬಳಿ ಇನ್ನೊಂದು ಪ್ರತಿ ಉಳಿಯಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ವಿಲಿಯಂ ಶೆಲ್ಟರ್ ಆ ಇಲಾಖೆಯ ಪ್ರತಿಯನ್ನು ಕೈಗೆತ್ತಿಕೊಂಡರು. ಈ ಇಡೀ ಕಥೆಯಲ್ಲಿ ನನಗೆ ಹತ್ತಿರದವರು ಅವರೇ. ಬೀಜಗಣಿತ ಕಲಿಸುವ ಮೇಷ್ಟ್ರು, ಮ್ಯಾಕ್‌ಸಿಮಾ ಓಡಲು ಬೇಕಾದ ಲಿಸ್ಪ್ ವ್ಯವಸ್ಥೆಯನ್ನೂ ತಾವೇ ತಿದ್ದಿ ಬೆಳೆಸಿದರು. ಹೊಸ ಯಂತ್ರ ಬಂದಂತೆಲ್ಲ ಅದಕ್ಕೆ ಹೊಂದಿಸಿದರು. ವರ್ಷಗಟ್ಟಲೆ ಹೀಗೆ ಕಾಪಾಡಿಕೊಂಡು ಬಂದು, ಇದನ್ನು ಎಲ್ಲರಿಗೂ ಬಿಟ್ಟುಕೊಡಬಹುದೇ ಎಂದು ಇಲಾಖೆಯನ್ನು ಕೇಳಿದರು. 1998ರಲ್ಲಿ ಒಪ್ಪಿಗೆ ಸಿಕ್ಕಿತು. ಯಾರು ಬೇಕಾದರೂ ಬಳಸಿ ಹಂಚಬಹುದಾದ ಜಿಪಿಎಲ್ ಪರವಾನಗಿಯಡಿ, ಮ್ಯಾಕ್ಸಿಮಾ ಎಂಬ ಹೆಸರಿನಲ್ಲಿ, ಮೂಲ ಕೋಡ್ ಸಮೇತ ಅದು ಹೊರಬಂತು. 2001ರಲ್ಲಿ ಶೆಲ್ಟರ್ ತೀರಿಕೊಂಡರು. ಕೆಲಸವನ್ನು ಸ್ವಯಂಸೇವಕರ ಗುಂಪೊಂದು ಮುಂದುವರಿಸಿತು. ಅದು ಇಂದಿಗೂ ಇದೆ.

ಆ ಒಪ್ಪಿಗೆ ಇಲ್ಲದಿದ್ದರೆ ನಮ್ಮ ತಾಲ್ಲೂಕು ಕಾಲೇಜಿನ ಹುಡುಗಿಗೆ ಇದು ಸಿಗುತ್ತಿರಲಿಲ್ಲ. ಲೈಸೆನ್ಸಿನ ತಂತ್ರಾಂಶವಾದರೆ ಲ್ಯಾಬಿನ ಬಾಗಿಲು ಹಾಕಿದೊಡನೆ ಪಾಠವೂ ಮುಗಿಯುತ್ತದೆ. ಇದನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ಒಯ್ದು ಅಣ್ಣನ ಹಳೇ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬಹುದು. ಯಾರೂ ಕೇಳುವುದಿಲ್ಲ.

ಕೈಗೆ ಸಿಕ್ಕಿದ್ದು ತಲೆಗೂ ಹತ್ತಬೇಕಲ್ಲ. ಎಷ್ಟೋ ಕಡೆ ಪ್ರೋಗ್ರಾಂ ನೋಡಿ ಟೈಪ್ ಮಾಡಿ, ಔಟ್‌ಪುಟ್ ರೆಕಾರ್ಡ್ ಬುಕ್ಕಿಗೆ ಇಳಿಸಿ, ಸಹಿ ಹಾಕಿಸಿಕೊಂಡರೆ ಆಯಿತು. ನನಗೆ ಇದು ನಿಜಕ್ಕೂ ನೋವಿನ ಸಂಗತಿ. ಮ್ಯಾಕ್ಸಿಮಾ ಕಲಿಸುವುದೆಲ್ಲ ತಪ್ಪುಗಳಲ್ಲೇ ಇದೆ. ಎರಡು ಎಕ್ಸ್ ಎಂದು ಒತ್ತಾಗಿ ಬರೆದರೆ ಅದಕ್ಕೆ ತಿಳಿಯುವುದಿಲ್ಲ, ನಡುವೆ ನಕ್ಷತ್ರದ ಗುರುತು ಬೇಕು. ಎಕ್ಸ್ ಪಕ್ಕದಲ್ಲೇ ಆವರಣ ಹಾಕಿದರೆ ಗುಣಾಕಾರವೆಂದುಕೊಳ್ಳದೆ ಫಂಕ್ಷನ್ ಎಂದುಕೊಳ್ಳುತ್ತದೆ. ಎ ಗೆ 5 ಎಂಬ ಬೆಲೆ ಕೊಡಲು ಕೋಲನ್ ಬೇಕು. ಸಮ ಚಿಹ್ನೆ ಹಾಕಿದರೆ ಅದು ಸಮೀಕರಣವಾಗಿ ಸುಮ್ಮನೆ ಕೂರುತ್ತದೆ. ಸಮ ಚಿಹ್ನೆಗೆ ಗಣಿತದಲ್ಲಿರುವ ಅರ್ಥವನ್ನು ಹೀಗೆ ಉಳಿಸಿಕೊಂಡ ಕಂಪ್ಯೂಟರ್ ಭಾಷೆಗಳು ಕಡಿಮೆ. ಕಲಿಯಲು ನೆರವೂ ಇದೆ: ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಇಂಥ ಉಚಿತ ತಂತ್ರಾಂಶಗಳ ಪುಟ್ಟ ಪಾಠಗಳಿಗೆ ಕನ್ನಡದಲ್ಲೂ ಧ್ವನಿ ಕೊಡಿಸಿದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಆ ಧ್ವನಿಯೇ ಅರ್ಧ ಧೈರ್ಯ.

ಹುಡುಗಿ ಕೊನೆಗೆ 'ನೋ' ಎಂದು ಟೈಪ್ ಮಾಡುತ್ತಾಳೆ. ಉತ್ತರ ಬರುತ್ತದೆ, ಆದರೆ ಬಾಲದಲ್ಲಿ ಪ್ಲಸ್ ಸಿ ಇಲ್ಲ. ಮ್ಯಾಕ್ಸಿಮಾ ಸ್ಥಿರಾಂಕ ಸೇರಿಸುವುದಿಲ್ಲ. ರೆಕಾರ್ಡ್ ಬುಕ್ಕಿಗೆ ಇಳಿಸುವಾಗ ಅದನ್ನು ಅವಳೇ ನೆನಪಿಟ್ಟು ಪೆನ್ನಿನಲ್ಲಿ ಬರೆದುಕೊಳ್ಳಬೇಕು.