ಅಂಗಾಂಶದ ಕುರುಹು

ಒಂದು ಕಾಲಕ್ಕೆ ಲಿಂಕನ್ ಕಾರುಗಳ ಕಾರ್ಖಾನೆಯಿಂದ ಹೆಸರಾಗಿದ್ದ, ಡೆಟ್ರಾಯಿಟಿನ ವಾಯವ್ಯಕ್ಕಿರುವ ವಿಕ್ಸಮ್ ಊರಿನಲ್ಲಿ, ಹಿಮ ಬೀಳುತ್ತಿದ್ದ ಒಂದು ಸಂಜೆ, ಪರಿಚಿತರಾದ ಹಿರಿಯರೊಬ್ಬರು ತಮ್ಮ ಭಾವನವರ ಬಯಾಪ್ಸಿ ವರದಿಯನ್ನು ನನ್ನ ಮುಂದಿಟ್ಟು, "ಹರ್-2 ಪಾಸಿಟಿವ್ ಅಂತ ಬರೆದಿದ್ದಾರಲ್ಲ ರಾಯರೇ, ಇದು ಒಳ್ಳೇದೋ ಕೆಟ್ಟದ್ದೋ?" ಎಂದು ಕೇಳಿದರು. ನಮ್ಮ ಹಿಂದಿನವರು ಏಡಿಗಂತಿಯೆಂದು ಕರೆದ ಕ್ಯಾನ್ಸರ್ ವ್ಯಾಧಿ ಭಾವನವರ ಜಠರದಲ್ಲಿ ತಲೆದೋರಿತ್ತು.

ಆ ಒಂದು ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಅಡಗಿದ್ದವು: ರೋಗವು ತಾನಾಗಿ ಹೇಗೆ ಮುಂದುವರಿದೀತೆಂಬುದು ಒಂದು, ಯಾವ ಔಷಧಕ್ಕೆ ಮಣಿದೀತೆಂಬುದು ಇನ್ನೊಂದು. ಇವೆರಡನ್ನು ಬೇರೆಯಾಗಿ ನೋಡುವ ಬುದ್ಧಿ ಬೆಳೆದುಬಂದ ಸ್ಥಳಗಳಲ್ಲೊಂದು, ವಿಕ್ಸಮ್‌ನಿಂದ ನಾಲ್ಕೈದು ಗಂಟೆಯ ಹಾದಿಯ ಶಿಕಾಗೋ ವಿಶ್ವವಿದ್ಯಾಲಯ. ಅಲ್ಲಿ ಚಾರ್ಲ್ಸ್ ಹಗಿನ್ಸ್ ಸ್ತನದ ಅರ್ಬುದಕ್ಕೆ, ಈಸ್ಟ್ರೊಜೆನ್ ಹಾರ್ಮೋನಿನ ಒಂದು ಮೂಲವಾದ ಅಡ್ರಿನಲ್ ಗ್ರಂಥಿಗಳನ್ನು ತೆಗೆಯುವ ಚಿಕಿತ್ಸೆ ನಡೆಸಿದಾಗ ಕೆಲವರೇ ಚೇತರಿಸಿಕೊಂಡರು. ಉಳಿದವರ ಪಾಲಿಗೆ ಶಸ್ತ್ರಕ್ರಿಯೆಯ ಯಾತನೆಯೊಂದೇ ಲಾಭ. ಅಲ್ಲಿಯೇ ಎಲ್ವುಡ್ ಜೆನ್ಸನ್ 1958ರ ಸುಮಾರಿಗೆ, ವಿಕಿರಣಶೀಲ ಜಲಜನಕದಿಂದ ಗುರುತು ಮಾಡಿದ ಈಸ್ಟ್ರೊಜೆನ್ನನ್ನು ಇಲಿಗಳಿಗೆ ಕೊಟ್ಟು, ಗರ್ಭಕೋಶವು ಅದನ್ನು ಹಿಡಿದಿಟ್ಟುಕೊಳ್ಳುವುದನ್ನು ತೋರಿಸಿದರು. ಹಾಗೆ ಹಿಡಿಯುವ ಪ್ರೋಟೀನು ಯಾವ ಗಂತಿಯಲ್ಲಿದೆಯೋ ಅದಕ್ಕೇ ಆ ಚಿಕಿತ್ಸೆ ಫಲಿಸುವ ಸಂಭವ ಹೆಚ್ಚೆಂಬುದು ಕ್ರಮೇಣ ತಿಳಿಯಿತು.

ಜಠರದ ವಿಷಯ ಇಷ್ಟು ಸರಳವಲ್ಲ. ಫಿನ್ಲೆಂಡಿನ ಲೌರೆನ್ 1965ರಲ್ಲಿಯೇ ಸೂಕ್ಷ್ಮದರ್ಶಕದಡಿ ಎರಡು ಜಾತಿಗಳನ್ನು ಗುರುತಿಸಿದ್ದರು: ಕರುಳಿನ ಗ್ರಂಥಿಗಳನ್ನು ಹೋಲುವುದೊಂದು, ಜೀವಕಣಗಳು ಪರಸ್ಪರ ಸಂಬಂಧ ಕಡಿದುಕೊಂಡು ಜಠರಭಿತ್ತಿಯೊಳಗೆ ಚೆದರಿ ಹರಡುವುದು ಮತ್ತೊಂದು. ಕಣಗಳನ್ನು ಬೆಸೆಯುವ ಅಂಟಿನಂತಹ ಇ-ಕ್ಯಾಡ್‌ಹೆರಿನ್ ಪ್ರೋಟೀನು ನಷ್ಟವಾಗುವುದು ಈ ಎರಡನೆಯದರಲ್ಲಿ ಸಾಮಾನ್ಯ. ಅದರ ವಂಶವಾಹಿಯಲ್ಲಿನ ದೋಷವು ನ್ಯೂಜಿಲೆಂಡಿನ ಮಾವೋರಿ ಕುಟುಂಬಗಳಲ್ಲಿ ತಲೆಮಾರುಗಳಿಂದ ಇಳಿದುಬಂದಿದ್ದುದು 1998ರಲ್ಲಿ ಬೆಳಕಿಗೆ ಬಂದಿತು.

ಇನ್ನು ವರದಿಯಲ್ಲಿದ್ದ ಹರ್-2: ಅದು ಕೆಲವು ಗಂತಿಗಳ ಜೀವಕಣಗಳ ಮೇಲೆ ಅತಿಯಾಗಿ ಕಾಣುವ ಪ್ರೋಟೀನು. ಅದು ಇದ್ದರೆ ಆಯುಸ್ಸು ಕುಗ್ಗುವುದೇ ಎಂಬಲ್ಲಿ ಸಂಶೋಧಕರಿಗೆ ಏಕಮತವಿಲ್ಲ; ಆದರೆ ಅದನ್ನೇ ಗುರಿಯಾಗಿಸಿಕೊಂಡ ಟ್ರಾಸ್ಟುಜುಮಾಬ್ ಎಂಬ ಔಷಧವಿದೆ. ರೋಗ ಮುಂದುವರಿದವರಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕೀಮೋಥೆರಪಿಯೊಡನೆ ಅದನ್ನು ಸೇರಿಸಿದಾಗ ಬದುಕಿನ ಮಧ್ಯಕ ಅವಧಿ 11.1 ತಿಂಗಳಿನಿಂದ 13.8 ತಿಂಗಳಿಗೇರಿತು. ಅಲ್ಪವೇ ಸರಿ, ಆದರೆ ಮನೆಯವರಿಗೆ ಆ ಅಲ್ಪದ ಬೆಲೆ ಬೇರೆ.

ಇನ್ನೊಂದು ತೊಡಕೆಂದರೆ, ಜಠರದ ಗಂತಿಯಲ್ಲಿ ಹರ್-2 ಎಲ್ಲೆಡೆ ಸಮನಾಗಿರದು. ಬಣ್ಣ ಹಚ್ಚಿ ನೋಡಿದರೆ ಒಂದೆಡೆ ಗಾಢ ಕಂದು, ಪಕ್ಕದಲ್ಲಿಯೇ ಬರಿದು. ಒಂದೇ ತುಣುಕನ್ನು ನಂಬಿದರೆ ಮೋಸಹೋಗುವ ಭಯವಿರುವುದರಿಂದ ಆರೆಂಟು ತುಣುಕುಗಳನ್ನು ತೆಗೆಯುವುದು ವಾಡಿಕೆ.

ಇದನ್ನೆಲ್ಲ ಕೇಳಿದ ಹಿರಿಯರು ಒಳ್ಳೇದೋ ಕೆಟ್ಟದ್ದೋ ಎಂದು ಮತ್ತೆ ಕೇಳಲಿಲ್ಲ. ಕನ್ನಡಕ ಸರಿಪಡಿಸಿಕೊಂಡು, "ಇದರಲ್ಲಿ ಎಷ್ಟು ತುಣುಕು ತೆಗೆದಿದ್ದಾರೆ, ಸ್ವಲ್ಪ ನೋಡಿ" ಎಂದರು.