ಹೊರದೇಶದಲ್ಲಿ ಓದಿದವರು ಇಲ್ಲಿ ಡಾಕ್ಟರಾಗುವುದು ಹೇಗೆ?

ನೀಟ್ ಫಲಿತಾಂಶ ಬಂದ ಮೇಲೆ ಹೆಬ್ಬೂರಿನ ನನ್ನ ಕ್ಲಿನಿಕ್‌ಗೆ ಕಾಯಿಲೆ ಇಲ್ಲದವರೂ ಬರುತ್ತಾರೆ. ಗುಬ್ಬಿ, ಕುಣಿಗಲ್ ಕಡೆಯ ಅಪ್ಪ ಅಮ್ಮಂದಿರು. "ಡಾಕ್ಟ್ರಮ್ಮ, ಮಗಳಿಗೆ ಸರ್ಕಾರಿ ಸೀಟು ಆಗ್ಲಿಲ್ಲ. ಪ್ರೈವೇಟ್‌ಗೆ ಕಟ್ಟೋ ಅಷ್ಟು ದುಡ್ಡಿಲ್ಲ. ಏಜೆಂಟು ಜಾರ್ಜಿಯಾ ಅಂತಾವ್ನೆ. ನೀವೂ ರಷ್ಯಾದಲ್ಲಿ ಓದಿದೋರಲ್ವಾ, ಕಳಿಸ್ಬೋದಾ?" ಅಷ್ಟರಲ್ಲಿ ತೆಂಗಿನ ತೋಟ ಅಡವಿಡುವ ಮಾತೂ ಮನೆಯಲ್ಲಿ ಆಗಿರುತ್ತದೆ.

ಕಳಿಸಿ, ಬೇಡ ಎಂದು ನಾನು ಹೇಳುವುದಿಲ್ಲ. ಓದಿ ಬಂದ ಮಗಳು ತುಮಕೂರಿನಲ್ಲಿ ರೋಗಿಯನ್ನು ಮುಟ್ಟಬೇಕಾದರೆ ಏನೇನಾಗಬೇಕು ಎಂದು ಕೂರಿಸಿಕೊಂಡು ಹೇಳುತ್ತೇನೆ. ಅದರಲ್ಲಿ ಬಹುಪಾಲು ವಿಮಾನ ಹತ್ತುವ ಮೊದಲೇ ತೀರ್ಮಾನವಾಗಿರುತ್ತದೆ.

2018ರಿಂದ ಹೊರದೇಶಕ್ಕೆ ಹೋಗುವವರೂ ನೀಟ್ ಪಾಸಾಗಿರಲೇಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಹೊಸ ನಿಯಮ 2021ರ ನವೆಂಬರ್ 18ರಂದು ಹೊರಬಿತ್ತು. ಅದಾದ ಮೇಲೆ ಸೇರಿದವರ ಕೋರ್ಸು ಕಡೇಪಕ್ಷ 54 ತಿಂಗಳದ್ದಿರಬೇಕು, ಪಾಠ ಇಂಗ್ಲಿಷಿನಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಬೇಕು. ಜೊತೆಗೆ, ಆ ದೇಶ ತನ್ನ ಪ್ರಜೆಗಳಿಗೆ ಕೊಡುವಂಥದೇ ವೈದ್ಯ ಪರವಾನಗಿ ನಮ್ಮ ಮಕ್ಕಳಿಗೂ ಸಿಗುವಂತಿರಬೇಕು. ಅಲ್ಲಿ ಚಿಕಿತ್ಸೆ ಕೊಡಲು ಬಾರದ ಪದವಿ ಇಲ್ಲಿಯೂ ನಡೆಯದು. ಏಜೆಂಟಿಗೆ ಈ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಇಸಿದುಕೊಳ್ಳಿ ಎಂದು ನಾನು ಬಂದವರಿಗೆಲ್ಲ ಹೇಳುತ್ತೇನೆ. ಹಾಸ್ಟೆಲಿನಲ್ಲಿ ಅನ್ನ ಸಾರು ಸಿಗುತ್ತದಾ ಎಂದು ವಿಚಾರಿಸುವ ತಂದೆತಾಯಿ ಇದನ್ನು ಕೇಳದೆ ದುಡ್ಡು ಕಟ್ಟುವುದನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ವಾಪಸ್ ಬಂದವರು ಮೊದಲು ಬರೆಯಬೇಕಾದದ್ದು ಎಫ್‌ಎಂಜಿಇ. 2002ರಲ್ಲಿ ಶುರುವಾದ ಈ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. 300 ಪ್ರಶ್ನೆ, ಪಾಸಾಗಲು 150 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕೇಳಲು ಸುಲಭ ಅನ್ನಿಸುತ್ತದೆ, ಆದರೆ ಎಷ್ಟೋ ಬಾರಿ ಐವರಲ್ಲಿ ಒಬ್ಬರಷ್ಟೇ ದಾಟಿದ್ದಾರೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಸ್ನಾತಕೋತ್ತರ ವೈದ್ಯ ಪದವಿ ಪಡೆದು ಅಲ್ಲಿ ಮಾನ್ಯತೆ ಗಳಿಸಿದವರಿಗೆ ಮಾತ್ರ ವಿನಾಯಿತಿ ಉಂಟು.

ಹೊರಗೆ ಓದಿದವರು ದಡ್ಡರು ಎನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ರಷ್ಯಾದ ವಾರ್ಡುಗಳಲ್ಲಿ ಹಿಮದ ಚಳಿಗೆ ಬೆರಳು ಕಪ್ಪಾದವರನ್ನು ಕಂಡಿದ್ದೆ. ಹಾವು ಕಡಿದವರನ್ನು ಒಬ್ಬರನ್ನೂ ಕಂಡಿರಲಿಲ್ಲ. ರೋಗಿಯ ಮಾತು ತಿಳಿಯಲು ರಷ್ಯನ್ ಕಲಿಯುವುದರಲ್ಲೇ ಅರ್ಧ ಶಕ್ತಿ ಹೋಗಿತ್ತು. ಇಲ್ಲಿನ ಪರೀಕ್ಷೆ ಕೇಳುವುದು ಇಲ್ಲಿನ ಕಾಯಿಲೆಯನ್ನು, ಇಲ್ಲಿನ ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು, ಮಕ್ಕಳಿಗೆ ಯಾವ ತಿಂಗಳು ಯಾವ ಲಸಿಕೆ ಎಂಬುದನ್ನು. ಸಮುದಾಯ ಆರೋಗ್ಯಕ್ಕೇ 30 ಅಂಕ. ಅದು ಇರಬೇಕಾದದ್ದೇ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿದ ಕಟ್ಟುಹಾವು ಗಾಯದ ಗುರುತೇ ಉಳಿಸದಿರಬಹುದು. ಬೆಳಗ್ಗೆ ಹೊಟ್ಟೆನೋವು ಎಂದು ಬಂದವರ ರೆಪ್ಪೆ ಇಳಿಬಿದ್ದಿದ್ದರೆ ವೈದ್ಯರಿಗೆ ಅನುಮಾನ ಬರಬೇಕು. ತೋಟಕ್ಕೆ ಹೊಡೆಯುವ ಔಷಧಿ ಕುಡಿದು ಬಂದವರ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದರೆ ಅಟ್ರೋಪಿನ್‌ಗೆ ಕೈ ಹೋಗಬೇಕು. ಇದು ಗೊತ್ತಿಲ್ಲದವರನ್ನು ಹೆಬ್ಬೂರಿನಲ್ಲಿ ಕೂರಿಸಿದರೆ ಜೀವ ಹೋಗುತ್ತದೆ.

ಪಾಸಾದ ಮೇಲೆ ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ, ನಮ್ಮಲ್ಲಾದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ, ತಾತ್ಕಾಲಿಕ ನೋಂದಣಿ. ಬಳಿಕ ಇಲ್ಲಿನ ಆಸ್ಪತ್ರೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್. ನನ್ನ ಕೈ ಪಳಗಿದ್ದು ಆ ವರ್ಷ. ಹೆರಿಗೆ ವಾರ್ಡಿನ ಹಿರಿಯ ನರ್ಸ್ ಒಬ್ಬರು ಪಕ್ಕದಲ್ಲಿ ನಿಂತು ಕಲಿಸಿದ್ದು ಯಾವ ಪ್ರೊಫೆಸರ್ ಕಲಿಸಿದ್ದಕ್ಕೂ ಕಡಿಮೆಯಲ್ಲ. ವಿದೇಶದಲ್ಲಿ ಓದಿದವರಿಗೆ ಕಾಲೇಜಿನ ಸೀಟುಗಳ ಶೇ 7.5ರಷ್ಟು ಜಾಗ, ಶುಲ್ಕ ಕೇಳಬಾರದು, ಇಲ್ಲಿನವರಷ್ಟೇ ಸ್ಟೈಪೆಂಡ್ ಕೊಡಬೇಕು ಎಂದು ಆಯೋಗ 2022ರಲ್ಲಿ ತಿಳಿಸಿತು. ಆ ಸುತ್ತೋಲೆಯ ಪ್ರತಿ ಮಕ್ಕಳ ಕೈಯಲ್ಲಿರಲಿ.

ಅದೇ 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ವೈದ್ಯನಾಗಲು ಹೋದ ಹುಡುಗ. ಆತನ ಜೊತೆಯವರು ಸಾವಿರಾರು ಮಂದಿ ಅರ್ಧ ಓದಿಗೆ ಮರಳಿದರು. ಅಂತಿಮ ವರ್ಷದವರಿಗೆ ಇಲ್ಲೇ ಪರೀಕ್ಷೆ ಬರೆಯಲು ಒಂದು ಅವಕಾಶ ಕೊಡಿಸಲು ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. ಅನುಮತಿ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ. ದೇಶ ಆರಿಸುವಾಗ ಶುಲ್ಕವನ್ನಷ್ಟೇ ನೋಡಬಾರದು.

ಇಲ್ಲಿ ಓದಿ ಬ್ರಿಟನ್ನಿಗೆ ಹೋಗುವ ನಮ್ಮ ಹುಡುಗರಿಗೂ ಇಂಥದೇ ಹಾದಿ: ಇಂಗ್ಲಿಷ್ ಪರೀಕ್ಷೆ, ಅಲ್ಲಿನ ವೈದ್ಯ ಪರೀಕ್ಷೆ ಪ್ಲಾಬ್‌ನ ಮೊದಲ ಭಾಗದಲ್ಲಿ 180 ಪ್ರಶ್ನೆ, ಮ್ಯಾಂಚೆಸ್ಟರಿನಲ್ಲಿ ನಟರೇ ರೋಗಿಗಳಾಗಿ ಕೂರುವ ಎರಡನೇ ಭಾಗ. ಯಾವ ದೇಶವೂ ಬೇರೆಡೆಯ ಪದವಿಯನ್ನು ಸುಮ್ಮನೆ ನಂಬುವುದಿಲ್ಲ.

ನಮ್ಮಲ್ಲಿ ಇಂಟರ್ನ್‌ಶಿಪ್ ಮುಗಿದರೆ ಕಾಯಂ ನೋಂದಣಿ ಸಂಖ್ಯೆ ಸಿಗುತ್ತದೆ. ಸ್ವಂತ ಕ್ಲಿನಿಕ್ ತೆರೆಯಲು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಇನ್ನೊಂದು ನೋಂದಣಿ ಬೇಕು. ವೈದ್ಯರ ಸಂಖ್ಯೆ ಕ್ಲಿನಿಕ್‌ನಲ್ಲೂ ಔಷಧಿ ಚೀಟಿಯ ಮೇಲೂ ಕಾಣುವಂತಿರಬೇಕೆಂಬುದು ನಿಯಮ. ನೋಂದಣಿ ಇಲ್ಲದೆ ಚಿಕಿತ್ಸೆ ಕೊಡುವವರಿಗೆ ಒಂದು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಮ್ಮ ಹಳ್ಳಿಗಳಲ್ಲಿ ಯಾವ ಸಂಖ್ಯೆಯೂ ಇಲ್ಲದೆ ಇಂಜೆಕ್ಷನ್ ಚುಚ್ಚುವವರು ಇನ್ನೂ ಇದ್ದಾರೆ. ಯಾರ ಮುಂದೆ ತೋಳು ಚಾಚುವ ಮುನ್ನವೂ ಸಂಖ್ಯೆ ಕೇಳಿ. ನನ್ನನ್ನೂ ಕೇಳಿ, ನನಗೆ ಬೇಸರವಿಲ್ಲ.