ಪಕ್ಕದ ಮನೆಯ ಗ್ಯಾರೇಜಿನಲ್ಲಿ ತೋಟಾ ಒರಳು

ಮಕ್ಕಳು ಆಟ ಮುಗಿಸಿ ಬಂದಾಗ ಅವರ ಜೇಬಿನಲ್ಲಿ ಏನೇನಿರುತ್ತದೆ ಎಂದು ನೋಡುತ್ತೀರಾ? ನಮ್ಮ ಎಂಟು ವರ್ಷದವನ ಜೇಬಿನಲ್ಲಿ ಕಲ್ಲು, ಓಕ್ ಕಾಯಿ, ಯಾರದೋ ಲೆಗೊ ತುಂಡು ಮಾಮೂಲು. ಹೋದ ಬೇಸಿಗೆಯಲ್ಲಿ ಬಟ್ಟೆ ಒಗೆಯಲು ಹಾಕುವಾಗ ಹೆಸರುಕಾಳಿನ ಗಾತ್ರದ, ಹೊಳೆಯುವ ಲೋಹದ ಬಿಲ್ಲೆ ಸಿಕ್ಕಿತು. "ಏನೋ ಇದು?" ಅಂದೆ. "ಬಟನ್" ಅಂದ. ಇರಬಹುದು ಎಂದು ಸೇಫ್ಟಿಪಿನ್ ಡಬ್ಬಿಗೆ ಹಾಕಿ ಮರೆತೆ.

ಮೂರು ದಿನ ಬಿಟ್ಟು, ಊರಿನಿಂದ ಬಂದಿದ್ದ ನಮ್ಮ ಮಾವ ಪಿನ್ ಹುಡುಕುತ್ತ ಆ ಡಬ್ಬಿ ತೆರೆದರು. ಅವರು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು. ಮಂಗ, ಹಂದಿ ಓಡಿಸಲು ಲೈಸೆನ್ಸಿನ ಕೋವಿ ಇಟ್ಟುಕೊಂಡವರು. ಬಿಲ್ಲೆಯನ್ನು ಬೆಳಕಿಗೆ ಹಿಡಿದು, "ಇದು ಕೇಪಿನ ಹಾಗಿದೆಯಲ್ಲ ಮಾರಾಯ್ತಿ. ಇನ್ನೂ ಹೊಡೆದಿಲ್ಲ ಇದು" ಅಂದರು.

ಹೊಡೆದ ಕೇಪಿನ ನಡುವೆ ಸೂಜಿ ಬಡಿದ ಸಣ್ಣ ಗುಳಿ ಇರುತ್ತದೆ. ಇದು ನುಣ್ಣಗಿತ್ತು. ಅಂದರೆ ಒಳಗಿನ ಮದ್ದು ಹಾಗೇ ಇದೆ. ಗಟ್ಟಿಯಾಗಿ ಕುಟ್ಟಿದರೆ ಸಿಡಿಯುತ್ತದೆ. ನನ್ನ ಮಗನ ಹತ್ತಿರ ಒಂದು ಆಟದ ಸುತ್ತಿಗೆಯೂ ಇದೆ.

ಅದು ಬಂದದ್ದು ಪಕ್ಕದ ಮನೆಯ ಗ್ಯಾರೇಜಿನಿಂದ. ಅಲ್ಲಿನ ಹುಡುಗ ನನ್ನ ಮಗನ ಜೊತೆಗಾರ. ಅವನ ಅಜ್ಜನಿಗೆ ಎಪ್ಪತ್ತು ದಾಟಿದೆ, ವಾರಕ್ಕೊಮ್ಮೆ ಗುರಿ ಹೊಡೆಯುವ ರೇಂಜಿಗೆ ಹೋಗುತ್ತಾರೆ. ರಿವಾಲ್ವರಿಗೆ ಬೇಕಾದ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಅಮೆರಿಕದಲ್ಲಿ ಇದು ಹಳೆಯ ಹವ್ಯಾಸ. ಸ್ವಂತ ಬಳಕೆಗಾದರೆ ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರಾಟಕ್ಕೆ ಮಾಡುವವರಿಗೆ ಬೇಕು. ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇರಬಹುದು.

ನಾನು ಹೆದರಿಕೊಂಡೇ ಅವರ ಮನೆಗೆ ಹೋದೆ. ಅವರು ನನಗಿಂತ ಹೆಚ್ಚು ಗಾಬರಿಯಾದರು. ಕ್ಷಮೆ ಕೇಳಿ, ಕೇಪನ್ನು ಇಸಿದುಕೊಂಡು, ಯಂತ್ರ ತೋರಿಸಿದರು.

ಮೇಜಿಗೆ ಬೋಲ್ಟ್ ಹಾಕಿದ ಪುಟ್ಟ ಎರಕದ ಕಬ್ಬಿಣದ ಪ್ರೆಸ್ ಅದು. ಕನೆಕ್ಟಿಕಟ್‌ನ ಲೈಮನ್ ಕಂಪನಿಯ ಹಳೆಯ ಟ್ರೂ-ಲೈನ್ ಜೂನಿಯರ್. ನಮ್ಮ ಶಾವಿಗೆ ಒರಳು, ಚಕ್ಕುಲಿ ಒರಳು ನೆನಪಿಸಿಕೊಳ್ಳಿ. ಚಕ್ಕುಲಿಗೊಂದು ಬಿಲ್ಲೆ, ಖಾರಸೇವೆಗೊಂದು ಬಿಲ್ಲೆ, ಪ್ರತಿ ಸಲ ಬಿಚ್ಚಿ ಬದಲಿಸಬೇಕು. ಟರೆಟ್ ಪ್ರೆಸ್ಸಿನಲ್ಲಿ ಆ ತಾಪತ್ರಯವಿಲ್ಲ. ಮೇಲೊಂದು ತಿರುಗುವ ದುಂಡು ತಲೆ, ಅದರಲ್ಲಿ ನಾಲ್ಕು ತೂತು, ಒಂದೊಂದರಲ್ಲಿ ಒಂದೊಂದು ಅಚ್ಚು. ಹಿಡಿ ಎಳೆದರೆ ಕೆಳಗಿನಿಂದ ಹಿತ್ತಾಳೆಯ ಖಾಲಿ ಚಿಪ್ಪು ಮೇಲೇರಿ ಅಚ್ಚಿನೊಳಗೆ ಹೋಗುತ್ತದೆ. ಮೊದಲ ಅಚ್ಚು, ಸಿಡಿದಾಗ ಉಬ್ಬಿದ ಚಿಪ್ಪನ್ನು ಹಿಂಡಿ ಅಳತೆಗೆ ತಂದು ಹಳೆಯ ಕೇಪನ್ನು ಹೊರಗೆ ತಳ್ಳುತ್ತದೆ. ಆಮೇಲೆ ಹೊಸ ಕೇಪು ಒತ್ತಬೇಕು. ತಲೆ ತಿರುಗಿಸಿದರೆ ಮುಂದಿನ ಅಚ್ಚು, ಅದು ಚಿಪ್ಪಿನ ಬಾಯಿ ಚೂರು ಅಗಲಿಸುತ್ತದೆ. ನಂತರ ಮದ್ದು, ಕೊನೆಗೆ ಗುಂಡು ಕೂರಿಸಿ ಬಾಯಿ ಬಿಗಿಯುವುದು. ಈ ಪುಟಾಣಿಯ ಅಚ್ಚುಗಳೂ ಸಣ್ಣವು, ಇಂದಿನ 7/8 ಇಂಚಿನ ಅಚ್ಚುಗಳು ಇದಕ್ಕೆ ಹೊಂದುವುದಿಲ್ಲವಂತೆ. ಹಳೆಯದನ್ನು ಹುಡುಕಿಕೊಂಡು ಸಂತೆಗಳಿಗೆ ಹೋಗುವುದೇ ಅವರಿಗೊಂದು ಖುಷಿ.

ಕೆಲಸ ನಿಧಾನದ್ದು, ಗಮನದ್ದು. ಅವರ ರಿವಾಲ್ವರಿನ .38 ಸ್ಪೆಷಲ್ ತೋಟಾ 1898ರದು. ಹೊಗೆ ಕಾರುವ ಕರಿಮದ್ದಿನ ಕಾಲದ ಅಳತೆ, ಚಿಪ್ಪು ಉದ್ದ. ಇಂದಿನ ಮದ್ದು ಜೋರಿನದು, ತಳದಲ್ಲಿ ಒಂದಿಷ್ಟು ಹಾಕಿದರೆ ಸಾಕು. ಅಪಾಯ ಇರುವುದು ಅಲ್ಲೇ: ಮರೆತು ಎರಡು ಸಲ ಸುರಿದರೂ ಚಿಪ್ಪು ತುಳುಕುವುದಿಲ್ಲ, ರಿವಾಲ್ವರ್ ಕೈಯಲ್ಲೇ ಒಡೆಯಬಹುದು. ಹಾಗಾಗಿ ಪ್ರತಿ ಚಿಪ್ಪಿನೊಳಗೆ ಟಾರ್ಚ್ ಬಿಟ್ಟು ನೋಡಿದ ಮೇಲೆಯೇ ಗುಂಡು ಇಡುತ್ತಾರೆ. ಮೇಜಿನ ಮೇಲೆ ಒಂದೇ ಬಗೆಯ ಮದ್ದು. ರೇಡಿಯೊ ಇಲ್ಲ, ಮಾತಿಲ್ಲ. ಎರಡು ಪ್ರಶ್ನೆ ಕೇಳುವ ಎಂಟು ವರ್ಷದವನು ಪಕ್ಕದಲ್ಲಿ ನಿಂತಿದ್ದರೆ ಏನಾಗಬಹುದು, ನೀವೇ ಊಹಿಸಿ.

ಕಣ್ಣಿಗೆ ಕಾಣದ ಇನ್ನೊಂದು ತೊಂದರೆ ಸೀಸ. ಗುಂಡಿನಲ್ಲಷ್ಟೇ ಅಲ್ಲ, ಸಾಮಾನ್ಯವಾಗಿ ಕೇಪಿನ ಮದ್ದಿನಲ್ಲೂ ಸೀಸವಿರುತ್ತದೆ. ಸಿಡಿದ ಚಿಪ್ಪುಗಳನ್ನು ಉಜ್ಜಿ ಹೊಳಪು ಮಾಡುವ ಯಂತ್ರದ ಧೂಳಿನಲ್ಲಿ, ನೆಲದಲ್ಲಿ, ಅಂಗಿಯಲ್ಲಿ ಅದು ಕೂರುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಪರವಾಗಿಲ್ಲ ಎಂಬ ಮಟ್ಟವೇ ಇಲ್ಲ. ಸಿಡಿಸಿ 2021ರಿಂದ ಡೆಸಿಲೀಟರಿಗೆ 3.5 ಮೈಕ್ರೊಗ್ರಾಂ ಎಂಬುದನ್ನು ಗಮನಿಸಬೇಕಾದ ಗೆರೆಯಾಗಿ ಇಟ್ಟಿದೆ. ನಿಮ್ಮ ಮಗು ಇಂಥ ಗ್ಯಾರೇಜಿನಲ್ಲಿ ಆಡಿದ್ದರೆ ಮಕ್ಕಳ ಡಾಕ್ಟರಿಗೆ ಹೇಳಿ, ಒಂದು ರಕ್ತಪರೀಕ್ಷೆ ಸಾಕು. (ನಮ್ಮ ಡಾಕ್ಟರು ಅದೇ ಉಸಿರಿನಲ್ಲಿ ಸಿಂಧೂರದ ಬಗ್ಗೆಯೂ ಕೇಳಿದರು. ಕೆಲವು ಸಿಂಧೂರಗಳಲ್ಲಿ ಸೀಸವಿರುವ ಬಗ್ಗೆ ಎಫ್‌ಡಿಎ ಎಚ್ಚರಿಸಿದೆ. ದೂರು ಹೇಳುವ ಮುಂಚೆ ನಮ್ಮ ದೇವರ ಮನೆಯನ್ನೂ ನೋಡಿಕೊಳ್ಳಬೇಕಾಯಿತು.)

ನಮ್ಮಂಥವರಿಗೆ ಕಾನೂನಿನ ಮಾತೂ ಇದೆ. ಎಚ್-1ಬಿ, ಎಚ್-4, ಎಫ್-1ನಂಥ ವೀಸಾದವರು ಬಂದೂಕು ಮಾತ್ರವಲ್ಲ, ತೋಟಾ ಇಟ್ಟುಕೊಳ್ಳುವುದನ್ನೂ ಫೆಡರಲ್ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಂಥ ಕೆಲವರಿಗೆ ವಿನಾಯಿತಿ ಇದೆ, ಗ್ರೀನ್ ಕಾರ್ಡಿನವರಿಗೆ ಈ ನಿಷೇಧವಿಲ್ಲ. ಖಾಲಿ ಚಿಪ್ಪು, ಕೇಪು, ಮದ್ದು, ಗುಂಡು ಬಿಡಿಬಿಡಿಯಾಗಿದ್ದರೂ ಆ ಕಾನೂನಿನ ಲೆಕ್ಕದಲ್ಲಿ ಅವೂ ಮದ್ದುಗುಂಡೇ. ಗೊತ್ತಿಲ್ಲದೆ ಜೇಬಿನಲ್ಲಿ ಬಂದದ್ದು ಬೇರೆ. ಚೆನ್ನಾಗಿದೆ ಎಂದು ಶೋಕೇಸಿನಲ್ಲಿ ಇಡಬೇಡಿ. ಊರಿಗೆ ಹೊರಡುವ ಮುಂಚೆ ಮಕ್ಕಳ ಬ್ಯಾಗಿನ ಮೂಲೆಗಳನ್ನು ಕೊಡವಿ. ಭಾರತದ ವಿಮಾನನಿಲ್ದಾಣಗಳಲ್ಲಿ ಬ್ಯಾಗಿನಲ್ಲಿ ಒಂದೇ ತೋಟಾ ಸಿಕ್ಕಿ ಶಸ್ತ್ರಾಸ್ತ್ರ ಕಾಯಿದೆಯಡಿ ಕೇಸಾದದ್ದಿದೆ.

ಕೇಪೋ ತೋಟಾವೋ ಸಿಕ್ಕರೆ ಕುಟ್ಟಬೇಡಿ, ಕಸದ ಬುಟ್ಟಿಗೆ ಹಾಕಬೇಡಿ, ಚೆಲ್ಲಿದ್ದರೆ ವ್ಯಾಕ್ಯೂಮ್ ಹಿಡಿಯಬೇಡಿ. ಮಕ್ಕಳನ್ನು ದೂರ ಕಳಿಸಿ ಯಾರದೋ ಅವರನ್ನು ಕರೆಯಿರಿ. ಯಾರದೆಂದು ಗೊತ್ತಾಗದಿದ್ದರೆ ಪೊಲೀಸರ ತುರ್ತಲ್ಲದ ನಂಬರಿಗೆ ಫೋನ್ ಮಾಡಿ.

ಮಗು ಆಡಲು ಹೋಗುವ ಮನೆಯಲ್ಲಿ ಬಂದೂಕಿದೆಯೇ, ಬೀಗ ಹಾಕಿಟ್ಟಿದ್ದಾರೆಯೇ ಎಂದು ಮೊದಲೇ ಕೇಳಿ ಎಂದು ಇಲ್ಲಿನ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ನಮಗೆ ಬಾಯಿ ಬರುವುದಿಲ್ಲ, ಅವರೇನು ಅಂದುಕೊಂಡಾರೋ ಎಂಬ ಸಂಕೋಚ. ನಾನು ಕಡಲೆಕಾಯಿ ಅಲರ್ಜಿಯ ಮಾತಿನ ಜೊತೆಗೇ ಕೇಳಿಬಿಡುತ್ತೇನೆ. ಇದುವರೆಗೆ ಯಾರೂ ಮುನಿಸಿಕೊಂಡಿಲ್ಲ.

ಆದರೆ ನನ್ನನ್ನು ಹೆಚ್ಚು ಕೊರೆದದ್ದು ಆ "ಬಟನ್" ಎಂಬ ಮಾತು. ಅವನಿಗೆ ಹೆಸರು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕನ್ನಡದಲ್ಲಿ ಬಣ್ಣ, ಹಣ್ಣು, ಪ್ರಾಣಿ ಕಲಿಸಿದ್ದೆ. ಅಪಾಯದ ಹೆಸರುಗಳನ್ನು ಕಲಿಸಿರಲಿಲ್ಲ. ಮಾವ ಕೂರಿಸಿಕೊಂಡು ಹೇಳಿಕೊಟ್ಟರು: ಕೋವಿ, ನಳಿಗೆ, ತೋಟಾ, ಚರೆ, ಕೇಪು, ಮದ್ದು. "ಮದ್ದು ಅಂದ್ರೆ ಜ್ವರ ಬಂದಾಗ ಕುಡಿಯೋದಲ್ವಾ ಅಜ್ಜ?" ಎಂದು ಇವನು ಕೇಳಿದಾಗ ಅವರೂ ಒಂದು ನಿಮಿಷ ತಡವರಿಸಿದರು. ನಿಮ್ಮ ಮನೆಯಲ್ಲೂ ಔಷಧಿಗೆ ಮದ್ದು ಎನ್ನುವ ರೂಢಿಯಿದ್ದರೆ ಇದನ್ನು ಬಿಡಿಸಿ ಹೇಳಿ. ಕಂಡರೆ ಏನು ಮಾಡಬೇಕೆಂಬುದನ್ನೂ ಅಜ್ಜನೇ ಬಾಯಿಪಾಠ ಮಾಡಿಸಿದರು: ನಿಲ್ಲು, ಮುಟ್ಟಬೇಡ, ಆಚೆ ಬಾ, ದೊಡ್ಡವರಿಗೆ ಹೇಳು.

ಈಗ ಪಕ್ಕದ ಮನೆಯ ಗ್ಯಾರೇಜಿನಲ್ಲಿ ಮದ್ದು, ಕೇಪುಗಳಿಗೆ ಬೀಗದ ಕಪಾಟಿದೆ. ಪ್ರೆಸ್ಸಿನ ಹಿಡಿಗೆ ಕೆಂಪು ಬಟ್ಟೆ ಕಟ್ಟಿದ್ದರೆ ಮಕ್ಕಳು ಒಳಗೆ ಬರುವಂತಿಲ್ಲ. ಮಾವ ಊರಿಗೆ ಹೊರಡುವ ಹಿಂದಿನ ಸಂಜೆ, ಬಟ್ಟೆ ಇಲ್ಲದ ಹೊತ್ತು ನೋಡಿ, ಇಬ್ಬರು ಅಜ್ಜಂದಿರೂ ಆ ಯಂತ್ರದ ಮುಂದೆ ನಿಂತಿದ್ದರು. ನಡುವೆ ನನ್ನ ಮಗ ದುಭಾಷಿ. ಮಾವ ಗುಳಿ ಬಿದ್ದ ಹಳೆಯ ಬಿಲ್ಲೆಯತ್ತ ಬೆರಳು ತೋರಿಸಿ "ಕೇಪು" ಅಂದರು. ಇವನು ಬಾಯಿ ತೆರೆಯುವಷ್ಟರಲ್ಲಿ ಆ ಅಜ್ಜ ನಕ್ಕು, "ಕ್ಯಾಪ್! ನಮ್ಮಪ್ಪನೂ ಹಾಗೇ ಅನ್ನುತ್ತಿದ್ದ" ಅಂದರು.